ಹ್ಯಾಂಗ್ ಆಗದ ದಿನಗಳ ಲೆಕ್ಕ

ಯಂತ್ರ ನಿಂತಾಗ ‘ನಿಂತಿತು’ ಎನ್ನಲು ಯಾರಿಗೂ ಕಷ್ಟವಿಲ್ಲ. ನಿಲ್ಲದೆ ಓಡುತ್ತಿರುವಾಗ ‘ಸರಿಯಾಯಿತು’ ಎನ್ನಬೇಕಾದರೆ ಎಷ್ಟು ದಿನ ಕಾಯಬೇಕು ಎಂಬುದೇ ಕಳೆದ ಮಳೆಗಾಲದುದ್ದಕ್ಕೂ ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ. ನಾನು ಕೆಲಸ ಮಾಡುವುದು ಮಂಗಳೂರಿನ ಬಿಜೈಯಲ್ಲಿರುವ ಒಂದು ಸಣ್ಣ ಸಂಸ್ಥೆಯಲ್ಲಿ. ಹಾಲಿನ ಸೊಸೈಟಿಗಳಲ್ಲಿ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಮತ್ತು ಚೀಟಿ ಮುದ್ರಿಸುವ ಪ್ರಿಂಟರು, ಇವಿಷ್ಟನ್ನೂ ಜೋಡಿಸಿ ಲೆಕ್ಕ ಇಡುವ ಪುಟ್ಟ ಕಂಪ್ಯೂಟರುಗಳನ್ನು ನಾವು ಸಿದ್ಧಪಡಿಸಿ ಕೊಡುತ್ತೇವೆ. ಒಳಗೆ ಓಡುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಅದರ ತಿರುಳಿನ ಭಾಗವಾದ ಕರ್ನಲ್ಲಿಗೆ ಸಂಬಂಧಿಸಿದ ತಕರಾರುಗಳೆಲ್ಲ ಕೊನೆಗೆ ನನ್ನ ಮೇಜಿಗೆ ಬಂದು ಬೀಳುತ್ತವೆ. ಹಿರಿಯಡಕದಿಂದ ಸ್ವಲ್ಪ ಒಳಗಿರುವ ಒಂದು ಸೊಸೈಟಿಯಿಂದ, ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಬರತೊಡಗಿದ ದೂರು ಒಂದೇ ಸಾಲಿನದು: ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತದೆ. ಯಾವಾಗ ಎಂದು ಕೇಳಿದರೆ ಹೇಳಲಿಕ್ಕಾಗುವುದಿಲ್ಲ, ಏನು ಮಾಡುವಾಗ ಎಂದು ಕೇಳಿದರೆ ಏನೂ ಮಾಡದೇ ಇದ್ದಾಗಲೂ ಆಗುತ್ತದೆ. ಒಂದು ವಾರ ಸುಮ್ಮನಿದ್ದು ಮರುವಾರ ಒಂದೇ ಬೆಳಿಗ್ಗೆ ಎರಡು ಸಲ ನಿಂತದ್ದೂ ಇದೆ. ಅದೇ ಬೋರ್ಡು, ಅದೇ ಕರ್ನಲ್, ತೂಕದ ಯಂತ್ರದಂಥವುಗಳ ತಂತಿ ಸಿಕ್ಕಿಸುವ ಅದೇ ಸೀರಿಯಲ್ ಕಾರ್ಡು ಇರುವ ಅದರ ಜೋಡಿ ಬಿಜೈಯ ನಮ್ಮ ಮೇಜಿನ ಮೇಲೆ ಬಹುಕಾಲದಿಂದ ಓಡುತ್ತಿತ್ತು. ಅದು ಒಮ್ಮೆಯೂ ನಿಂತದ್ದಿಲ್ಲ.

ಪ್ರತಿ ಸಲವೂ ನಿಲ್ಲುವ ಯಂತ್ರವನ್ನು ಸರಿಪಡಿಸುವುದು ದೊಡ್ಡ ಮಾತಲ್ಲ. ಒಂದು ಬದಲಾವಣೆ ಮಾಡಿ ನೋಡಬಹುದು, ಉತ್ತರ ಕೂಡಲೇ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ನಿಲ್ಲುವ ಯಂತ್ರ ಮಾತ್ರ ಉತ್ತರವನ್ನು ತನ್ನ ಇಷ್ಟದ ಹೊತ್ತಿಗೆ ಕೊಡುತ್ತದೆ. ಅಷ್ಟರವರೆಗೆ ನಮ್ಮ ಕೈಯಲ್ಲಿರುವುದು ಏನೂ ಆಗದ ದಿನಗಳು ಮಾತ್ರ. ಈ ಹುಡುಕಾಟದಲ್ಲಿ ಕಾರಣ ಪತ್ತೆ ಮಾಡುವುದಕ್ಕಿಂತ ಹೆಚ್ಚಿನ ಶ್ರಮ, ಕರೆದಾಗ ಬರುವಂತೆ ಆ ಹ್ಯಾಂಗನ್ನು ಪಳಗಿಸುವುದಕ್ಕೆ ಹೋಗುತ್ತದೆ ಎಂದು ನನಗೆ ಅನ್ನಿಸಿದೆ.

ಒಂದು ದೂರಿನೊಳಗೆ ಎರಡು

ಮೊದಲು ಬೇರ್ಪಡಿಸಬೇಕಾದದ್ದು ‘ಹ್ಯಾಂಗ್’ ಎಂಬ ಹೆಸರಿನಡಿ ಬರುವ ಬೇರೆ ಬೇರೆ ಸಂಗತಿಗಳನ್ನು. ಬಳಸುವವರ ಕಣ್ಣಿಗೆ ಎಲ್ಲವೂ ಒಂದೇ, ಪರದೆ ಅಲುಗುವುದಿಲ್ಲ ಅಷ್ಟೇ. ಕರ್ನಲ್ಲಿನ ಒಳಗೆ ಇವು ಮೂರು ದರ್ಜೆಯವು. ಒಂದು ಕೆಲಸ ಡಿಸ್ಕಿನಿಂದಲೋ ಜಾಲದಿಂದಲೋ ಉತ್ತರ ಬಾರದೆ, ಎಬ್ಬಿಸಲೂ ಆಗದ ನಿದ್ದೆಯಲ್ಲಿ ಉಳಿದಿರಬಹುದು. ಲಿನಕ್ಸಿನಲ್ಲಿ ಇದನ್ನು ಗಮನಿಸುವ ಕಾವಲು ಸಾಮಾನ್ಯವಾಗಿ 120 ಸೆಕೆಂಡು ನೋಡಿ ದೂರು ಬರೆಯುತ್ತದೆ. ಎರಡನೆಯದರಲ್ಲಿ ಒಂದು ಸಿಪಿಯು ಕರ್ನಲ್ಲಿನೊಳಗೇ ಸುತ್ತುತ್ತ ಬೇರೆ ಯಾವ ಕೆಲಸಕ್ಕೂ ಸರದಿ ಕೊಡುವುದಿಲ್ಲ, ಆದರೆ ಇಂಟರಪ್ಟುಗಳಿಗೆ, ಅಂದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ ತಮ್ಮತ್ತ ನೋಡಲು ಕೀಬೋರ್ಡಿನಂಥ ಸಾಧನಗಳು ಕೊಡುವ ಕರೆಗಳಿಗೆ, ಓಗೊಡುತ್ತಿರುತ್ತದೆ; ಇದು ಸಾಫ್ಟ್ ಲಾಕಪ್, ಇದರ ಗಡುವು 20 ಸೆಕೆಂಡು. ಮೂರನೆಯದರಲ್ಲಿ ಇಂಟರಪ್ಟುಗಳಿಗೂ ಬಾಗಿಲು ಮುಚ್ಚಿರುತ್ತದೆ; ಇದು ಹಾರ್ಡ್ ಲಾಕಪ್, ಗಡುವು 10 ಸೆಕೆಂಡು. ಮುಚ್ಚಿದ ಬಾಗಿಲನ್ನೂ ದಾಟಿ ಬರುವ ವಿಶೇಷ ಇಂಟರಪ್ಟೊಂದರ ಬಲದಿಂದ ಸಾಮಾನ್ಯವಾಗಿ ಇದನ್ನು ಪತ್ತೆ ಮಾಡುತ್ತಾರೆ. ಹತ್ತಿರ ನಿಂತವರು ಬರಿಗಣ್ಣಿನಿಂದಲೇ ಅರ್ಧ ಭಾಗ ಹೇಳಬಲ್ಲರು. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಬೋರ್ಡಿನ ದೀಪ ಹತ್ತಿ ಆರಿದರೆ ಒಳಗೆ ಇನ್ನೂ ಯಾರೋ ಎಚ್ಚರವಿದ್ದಾರೆ. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆ ಎಂದಾದರೆ ಇಂಟರಪ್ಟುಗಳು ಜೀವಂತವಾಗಿವೆ. ಎರಡೂ ಇಲ್ಲದಿದ್ದರೆ ಮೂರನೆಯ ದರ್ಜೆಯದನ್ನೇ ಶಂಕಿಸಬೇಕು.

ಸೊಸೈಟಿಯ ಸೆಕ್ರೆಟರಿಯವರು ಒಂದು ನೋಟ್‌ಬುಕ್ಕಿನಲ್ಲಿ ಕಂಪ್ಯೂಟರ್ ನಿಂತ ದಿನಗಳನ್ನು ಬರೆದಿಡುತ್ತಿದ್ದರು. ಅದನ್ನು ಓದುತ್ತಿದ್ದಾಗ ತಿಂಗಳ ಕೊನೆಯ ದಿನಗಳಲ್ಲಿ ಬರುವ ಕೆಲವು ನಮೂದುಗಳ ಮುಂದೆ ‘ತಾನಾಗಿ ಸರಿಯಾಯಿತು’ ಎಂದು ಇದ್ದದ್ದು ಕಣ್ಣಿಗೆ ಬಿತ್ತು. ಹಾರ್ಡ್ ಲಾಕಪ್ ಆದ ಯಂತ್ರ ತಾನಾಗಿ ಸರಿಯಾಗುವುದಿಲ್ಲ. ವಿಚಾರಿಸಿದಾಗ ತಿಳಿದದ್ದು, ಆ ದಿನಗಳಲ್ಲಿ ಅವರು ತಿಂಗಳ ಲೆಕ್ಕವನ್ನೆಲ್ಲ ಒಂದು ಹಳೆಯ ಪೆನ್‌ಡ್ರೈವಿಗೆ ತುಂಬಿಸುತ್ತಿದ್ದರು. ಇದು ಲಿನಕ್ಸ್ ಬಳಸುವವರಿಗೆ ಹಳೆಯ ಪರಿಚಯ. ಬರೆಯಬೇಕಾದ ಮಾಹಿತಿಯನ್ನು ಕರ್ನಲ್ ಮೊದಲು ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತದೆ, ಲಭ್ಯವಿರುವ ಮೆಮೊರಿಯ 20% ವರೆಗೆ ಹಾಗೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಅನುಮತಿ ಇರುತ್ತದೆ. ನಿಧಾನದ ಪೆನ್‌ಡ್ರೈವಿಗೆ ಆ ಗುಡ್ಡೆ ಇಳಿದು ಮುಗಿಯುವ ತನಕ ಬೇರೆ ಬರಹಗಳೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಕರ್ನಲ್ಲಿನ ದೋಷಪಟ್ಟಿಯಲ್ಲಿ 12309 ಎಂಬ ಸಂಖ್ಯೆ ಕುಖ್ಯಾತವಾದದ್ದು ಇದೇ ಜಾತಿಯ ತೊಂದರೆಯಿಂದ. ಅದು ದಾಖಲಾದದ್ದು 2008ರಲ್ಲಿ. ಹಿನ್ನೆಲೆಯ ಬರವಣಿಗೆಯನ್ನು ಹದದಲ್ಲಿಡುವ ವ್ಯವಸ್ಥೆ ಕರ್ನಲ್ಲಿಗೆ ಸೇರಿದ್ದು 2017ರಲ್ಲಿ ಹೊರಬಂದ 4.10ರಲ್ಲಿ. ನಾವು ಆ ಗುಡ್ಡೆಯ ಮಿತಿಯನ್ನು ಕೆಲವು ಮೆಗಾಬೈಟಿಗೆ ಇಳಿಸಿದೆವು, ಆ ಅರ್ಧ ದೂರು ಅಲ್ಲಿಗೆ ಮುಗಿಯಿತು. ಇದನ್ನು ಹೇಳುವ ಕಾರಣವಿಷ್ಟೇ: ಬೇರ್ಪಡಿಸದೆ ಇದ್ದಿದ್ದರೆ ನೋಟ್‌ಬುಕ್ಕಿನ ದಿನಗಳನ್ನೆಲ್ಲ ಒಟ್ಟು ಸೇರಿಸಿ ಸರಾಸರಿ ತೆಗೆದು, ಇಲ್ಲದ ಒಂದು ಲಯವನ್ನು ಹುಡುಕುತ್ತ ಕೂರುತ್ತಿದ್ದೆವು.

ಬೆಳಿಗ್ಗೆ ಆರು ಗಂಟೆಯ ಸಾಲು

ಉಳಿದರ್ಧ ದೂರಿಗಾಗಿ ನಾನು ಕತ್ತಲಿರುವಾಗಲೇ ಮಂಗಳೂರಿನಿಂದ ಹೊರಟು ಸೊಸೈಟಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆ. ಜುಲೈ ತಿಂಗಳ ಬೆಳಗು. ಹಂಚಿನ ಮಾಡಿನ ಇಳಿಜಾರಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೊಡೆ ಮಡಚಿ ಮೂಲೆಗಿಟ್ಟು, ಸ್ಟೀಲ್ ಕ್ಯಾನು ಹಿಡಿದು ಜಗಲಿಯಲ್ಲಿ ಸಾಲು ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಇಲ್ಲಿ ಹಾಲು ಸುರಿದು, ತೂಕ ಆಗಿ, ಸ್ವಲ್ಪ ಹಾಲು ಪರೀಕ್ಷೆಯ ಯಂತ್ರದ ನಳಿಕೆಯೊಳಗೆ ಹೋಗಿ, ಫ್ಯಾಟ್ ಮತ್ತು ಕೊಬ್ಬಲ್ಲದ ಘನಾಂಶ ತಿಳಿಸುವ ಎಸ್‌ಎನ್‌ಎಫ್ ಪರದೆಯ ಮೇಲೆ ಬಂದು, ಚೀಟಿ ಹೊರಬರಲು ಒಬ್ಬರಿಗೆ ಒಂದು ನಿಮಿಷವೂ ಬೇಡ. ಆ ಚೀಟಿಯಲ್ಲಿರುವ ಅಂಕಿಯ ಮೇಲೆ ದರ ನಿಲ್ಲುವುದರಿಂದ ಅದು ಬಾರದೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ.

ಕಂಪ್ಯೂಟರು ನಿಂತದ್ದು ನನ್ನ ಕಣ್ಣೆದುರಿಗೇ. ಫ್ಯಾಟಿನ ಅಂಕಿ ಬರಬೇಕಾದ ಚೌಕ ಖಾಲಿ ಉಳಿಯಿತು, ಮೂಲೆಯ ಗಡಿಯಾರದ ಸೆಕೆಂಡು ಅಲ್ಲೇ ನಿಂತಿತು. ನಾನು ಕ್ಯಾಪ್ಸ್ ಲಾಕಿನತ್ತ ಕೈ ಚಾಚುವಷ್ಟರಲ್ಲಿ ಸೆಕ್ರೆಟರಿಯವರ ಬೆರಳು ಆಗಲೇ ಪವರ್ ಬಟನ್ನಿನ ಮೇಲಿತ್ತು. ಬಟನ್ ಅದುಮಿ ಹಿಡಿದುಕೊಂಡೇ ಅವರು ನನ್ನ ಕಡೆ ತಿರುಗಿ, “ನೋಡಿದಿರಾ ಮಾರಾಯ್ರೆ, ಹೀಗೇ ಆಗುವುದು” ಎಂದರು. ಪರದೆ ಕಪ್ಪಾಯಿತು. ಸಾಲಿನಲ್ಲಿ ಮುಂದಿದ್ದವರು ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಎರಡು ನಿಮಿಷದಲ್ಲಿ ಎಲ್ಲವೂ ಮೊದಲಿನಂತೆ ನಡೆಯತೊಡಗಿತು.

ಆ ಕ್ಷಣಕ್ಕೆ ನನಗೆ ಹೊಳೆದದ್ದು ಕರ್ನಲ್ಲಿನ ವಿಷಯವಲ್ಲ, ಬೆರಳಿನ ವಿಷಯ. ಹಾರ್ಡ್ ಲಾಕಪ್ಪನ್ನು ಗಮನಿಸುವ ಕಾವಲು ಎಚ್ಚರಗೊಳ್ಳಲು ಕಡಿಮೆಯೆಂದರೂ 10 ಸೆಕೆಂಡು ಬೇಕು. ಸೆಕ್ರೆಟರಿಯವರು ಸಾಲಿನ ಮುಖ ನೋಡಿ ಬಟನ್ನಿಗೆ ಕೈ ಹಾಕಲು ನಾಲ್ಕೈದು ಸೆಕೆಂಡು ಸಾಕು, ಬಟನ್ ಅದುಮಿ ಹಿಡಿದರೆ ಇನ್ನು ನಾಲ್ಕು ಸೆಕೆಂಡಿನಲ್ಲಿ ವಿದ್ಯುತ್ತೇ ಹೋಗುತ್ತದೆ. ಅಷ್ಟು ಕಾಲ ನಮ್ಮ ದಾಖಲೆಗಳಲ್ಲಿ ಒಂದು ಸಾಲೂ ಉಳಿಯದೆ ಇದ್ದದ್ದಕ್ಕೆ ಕಾರಣ ಅದೂ ಇದ್ದಿರಬೇಕು. ಅವರದು ತಪ್ಪಲ್ಲ, ಎದುರಿಗೆ ಮೂವತ್ತು ಜನ ಹಾಲು ಹಿಡಿದು ನಿಂತಿರುವಾಗ ಕರ್ನಲ್ಲಿನ ಗಡುವು ಯಾರಿಗೆ ನೆನಪಾಗುತ್ತದೆ? “ಮುಂದಿನ ಸಲ ನಿಂತರೆ ಒಂದು ನಿಮಿಷ ಮುಟ್ಟಬೇಡಿ ಸಾರ್” ಎಂದು ಕೇಳಿಕೊಂಡೆ. “ಒಂದು ನಿಮಿಷ ನಾನು ಮುಟ್ಟುವುದಿಲ್ಲ, ಇವರು ನನ್ನನ್ನು ಬಿಡಬೇಕಲ್ಲ” ಎಂದು ಅವರು ಜಗಲಿಯತ್ತ ನೋಡಿದರು.

ಸತ್ತ ಯಂತ್ರದ ಕೊನೆಯ ಮಾತು ಉಳಿಯಬೇಕಾದರೆ ಅದು ಯಂತ್ರದ ಹೊರಗೆ ಹೋಗಬೇಕು, ಯಾಕೆಂದರೆ ಆ ಹೊತ್ತಿಗೆ ಡಿಸ್ಕಿಗೆ ಬರೆಯುವ ಶಕ್ತಿಯೇ ಅದಕ್ಕಿರುವುದಿಲ್ಲ. ಮೆಮೊರಿಯ ಒಂದು ಮೂಲೆಯಲ್ಲಿ ಬರೆದಿಟ್ಟು ಮರುಚಾಲನೆಯ ನಂತರ ಓದಿಕೊಳ್ಳುವ ಉಪಾಯವೊಂದಿದೆ; ನಮ್ಮ ಬೋರ್ಡಿನ ಬಯೋಸ್ ಏಳುವಾಗಲೇ ಮೆಮೊರಿಯನ್ನೆಲ್ಲ ಒರೆಸಿಹಾಕುತ್ತಿದ್ದ ಕಾರಣ ಅದು ಪ್ರಯೋಜನಕ್ಕೆ ಬರಲಿಲ್ಲ. ಉಳಿದದ್ದು ನೆಟ್‌ಕನ್ಸೋಲ್. ಕರ್ನಲ್ ತನ್ನ ಸಂದೇಶಗಳನ್ನು ನೇರವಾಗಿ ಯುಡಿಪಿ ಪೊಟ್ಟಣಗಳಾಗಿ ಪಕ್ಕದ ಕಂಪ್ಯೂಟರಿಗೆ ಎಸೆಯುವ ವ್ಯವಸ್ಥೆ ಅದು. ತಲುಪಿತೋ ಇಲ್ಲವೋ ಎಂದು ವಿಚಾರಿಸುವ ಶಿಷ್ಟಾಚಾರವೂ ಅದರಲ್ಲಿಲ್ಲ. ಕೀಲು ಸಡಿಲವಾದ ಹಳೆಯ ಲ್ಯಾಪ್‌ಟಾಪೊಂದನ್ನು ಲೆಡ್ಜರುಗಳ ಕಪಾಟಿನ ಮೇಲಿಟ್ಟು ಕೇಬಲ್ ಎಳೆದು ಬಂದೆ. “ಇದೆಂತದು, ಇದೂ ಹಾಲು ಅಳೆಯುತ್ತದಾ?” ಎಂದು ಕೇಳಿದವರಿಗೆ ಸೆಕ್ರೆಟರಿಯವರೇ ಏನೋ ಒಂದು ಉತ್ತರ ಕೊಟ್ಟರು.

ಕಾಯುತ್ತಿದ್ದವನು ಸಿಕ್ಕಿದ, ಹಿಡಿದವನು ಸಿಗಲಿಲ್ಲ

ಲ್ಯಾಪ್‌ಟಾಪಿನಲ್ಲಿ ಕೊನೆಗೊಮ್ಮೆ ಕೆಲವು ಸಾಲುಗಳು ಬಂದು ಬಿದ್ದವು, ಅದೂ ಅರ್ಧಕ್ಕೆ ತುಂಡಾಗಿ. ಹಾರ್ಡ್ ಲಾಕಪ್ ಎಂಬುದು ಖಚಿತವಾಯಿತು. ನಿಂತ ಸಿಪಿಯು ಒಂದು ಸ್ಪಿನ್‌ಲಾಕಿಗಾಗಿ ಕಾಯುತ್ತಿತ್ತು. ಒಂದು ಮಾಹಿತಿಯನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ ಅದು; ಸಿಗುವ ತನಕ ಕಾಯುವವನು ಸುತ್ತುತ್ತಲೇ ಇರಬೇಕು. ಕಾಯುತ್ತಿದ್ದದ್ದು ಬಹು ಪೋರ್ಟುಗಳ ಸೀರಿಯಲ್ ಕಾರ್ಡಿನ ಇಂಟರಪ್ಟ್ ನಿರ್ವಾಹಕ. ಅಲ್ಲಿಂದ ಕೆಳಗಿನ ಸಾಲುಗಳು ಬರಲೇ ಇಲ್ಲ. ಎಂದರೆ ಲಾಕಿಗಾಗಿ ಯಾರು ಕಾಯುತ್ತಿದ್ದಾರೆ ಎಂಬುದು ಗೊತ್ತಾಯಿತು, ಅದನ್ನು ಯಾರು ಹಿಡಿದುಕೊಂಡಿದ್ದಾರೆ ಎಂಬುದು ಗೊತ್ತಾಗಲಿಲ್ಲ. ಸಾಮಾನ್ಯ ಕರ್ನಲ್ಲಿನಲ್ಲಿ ಸ್ಪಿನ್‌ಲಾಕು ತನ್ನ ಯಜಮಾನನ ಹೆಸರನ್ನು ಎಲ್ಲೂ ಬರೆದಿಡುವುದಿಲ್ಲ. ಅಷ್ಟು ಹಗುರವಾಗಿರಬೇಕು ಎಂಬುದೇ ಅದರ ಉದ್ದೇಶ.

ಆ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸಿನ ಮೂಲ ಕಡತಗಳ ಜೊತೆಗೆ ಬಂದದ್ದಲ್ಲ, ಕಾರ್ಡು ಪೂರೈಸಿದವರು ಪ್ರತ್ಯೇಕವಾಗಿ ಕೊಟ್ಟದ್ದು. ಮೂಲ ಕಡತಗಳು ನಮ್ಮಲ್ಲಿದ್ದುದರಿಂದ ಓದಲು ಅಡ್ಡಿಯಿರಲಿಲ್ಲ. ಒಂದೇ ಲಾಕನ್ನು ಹತ್ತಾರು ಕಡೆ ಹಿಡಿದು ಬಿಡಲಾಗಿತ್ತು, ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದವು. ಇಂಥಲ್ಲಿ ಮೊದಲು ಬರುವ ಆಸೆ, ಅಲ್ಲಲ್ಲಿ ಸಂದೇಶ ಮುದ್ರಿಸಿ ನೋಡೋಣ ಎಂಬುದು. ಅದರ ಫಲವನ್ನು ಲೆಕ್ಕ ಹಾಕಿ ನೋಡಿ: ಎಂಬತ್ತು ಅಕ್ಷರಗಳ ಒಂದು ಸಾಲು 115200 ವೇಗದ ಸೀರಿಯಲ್ ಕನ್ಸೋಲಿನಲ್ಲಿ ಹೊರಹೋಗಲು ಸುಮಾರು 7 ಮಿಲಿಸೆಕೆಂಡು ಬೇಕು. ನಾವು ಹುಡುಕುತ್ತಿದ್ದ ಎಡವಟ್ಟು ನಡೆಯುವ ಸಂದು ಕೆಲವೇ ಮೈಕ್ರೊಸೆಕೆಂಡಿನದು. ಸಾವಿರಪಟ್ಟು ದೊಡ್ಡ ವಿಳಂಬವನ್ನು ಪಕ್ಕದಲ್ಲಿ ತಂದಿಟ್ಟ ಮೇಲೆ ಆ ಸಂದಿನಲ್ಲಿ ಮೊದಲು ಆಗುತ್ತಿದ್ದದ್ದೇ ಈಗಲೂ ಆಗುತ್ತದೆ ಎಂದು ಹೇಗೆ ನಂಬುವುದು? ಸಂದೇಶ ಸೇರಿಸಿದ ಕೂಡಲೇ ಹ್ಯಾಂಗ್ ಮಾಯವಾಗಿ, ಅದನ್ನೇ ಪರಿಹಾರವೆಂದು ತಿಳಿದು ಬಿಟ್ಟುಬಂದ ಉದಾಹರಣೆಗಳು ನಮ್ಮ ವೃತ್ತಿಯಲ್ಲಿ ಕಡಿಮೆಯಿಲ್ಲ.

ಏನೂ ಆಗದಿರುವುದರ ಗಣಿತ

ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರ ಸಲಹೆ ಬೇರೆ ಇತ್ತು: ಹಿಂದಿನ ವರ್ಷದ ಕರ್ನಲ್ ಹಾಕಿ ನೋಡೋಣ, ನಿಲ್ಲದಿದ್ದರೆ ಎರಡರ ನಡುವೆ ಅರ್ಧಕ್ಕರ್ಧ ಭಾಗಿಸುತ್ತ ಹೋಗೋಣ. ಗಿಟ್ ಬೈಸೆಕ್ಟ್ ಎಂಬ ಈ ವಿಧಾನ ಬಹಳ ಚೆನ್ನಾಗಿದೆ. ಕರ್ನಲ್ಲಿನ ಎರಡು ಬಿಡುಗಡೆಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿದ್ದರೂ ಹದಿಮೂರು ಹದಿನಾಲ್ಕು ಹೆಜ್ಜೆಗಳಲ್ಲಿ ತಪ್ಪಿತಸ್ಥ ಬದಲಾವಣೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಪ್ರತಿ ಹೆಜ್ಜೆಯಲ್ಲೂ ‘ಸರಿ’ ಅಥವಾ ‘ಕೆಟ್ಟದ್ದು’ ಎಂದು ಖಚಿತವಾಗಿ ಹೇಳಬಲ್ಲೆವಾದರೆ. ನಮಗಿದ್ದ ತೊಡಕೇ ಅದು.

ಒಂದು ಯಂತ್ರ ಸರಾಸರಿ ಹತ್ತು ದಿನಕ್ಕೊಮ್ಮೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ, ನಿಲ್ಲುವ ಗಳಿಗೆಗೆ ನಿಯಮವಿಲ್ಲ ಎಂದೂ ಇಟ್ಟುಕೊಳ್ಳಿ. ಏನನ್ನೂ ಸರಿಪಡಿಸದೆಯೇ ಅದು ಹತ್ತು ದಿನ ನಿಲ್ಲದೆ ಓಡುವ ಸಂಭವ ಸುಮಾರು 37%. ಇಪ್ಪತ್ತು ದಿನ ಓಡುವ ಸಂಭವ 13%ಕ್ಕೂ ತುಸು ಹೆಚ್ಚು, ಮೂವತ್ತು ದಿನ ಓಡುವುದು 5%. ಏನನ್ನೂ ಸರಿಪಡಿಸದೆ ಕಾದವರಲ್ಲೂ ಮೂವರಿಗೊಬ್ಬರು, ಹತ್ತು ದಿನಕ್ಕೊಮ್ಮೆ ನಿಲ್ಲುತ್ತಿದ್ದದ್ದು ಹತ್ತು ದಿನ ನಿಲ್ಲಲಿಲ್ಲ ಎಂದು ಬರಿಯ ಅದೃಷ್ಟಕ್ಕೆ ಸಂತೋಷಪಡುತ್ತಾರೆ. ಪ್ರತಿ ಹೆಜ್ಜೆಗೂ ಮೂವತ್ತು ದಿನ ಕಾಯುತ್ತೇವೆ ಎಂದು ಹಟ ಹಿಡಿದರೂ ಸಾಲದು. ದಾರಿಯಲ್ಲಿ ಕೆಟ್ಟ ಆವೃತ್ತಿಗಳು ಏಳು ಸಿಕ್ಕರೆ, ಅವುಗಳಲ್ಲಿ ಒಂದಾದರೂ ಮೂವತ್ತು ದಿನ ಸುಮ್ಮನಿದ್ದು ನಮ್ಮನ್ನು ತಪ್ಪು ಅರ್ಧಕ್ಕೆ ತಿರುಗಿಸುವ ಸಂಭವ 30% ಇರುತ್ತದೆ. ಒಮ್ಮೆ ತಪ್ಪು ಅರ್ಧಕ್ಕೆ ತಿರುಗಿದ ಮೇಲೆ ಮುಂದಿನ ಹೆಜ್ಜೆಗಳೆಲ್ಲ ವ್ಯರ್ಥ. ಅಷ್ಟೂ ಮುಗಿಯುವಾಗ ವರ್ಷ ಕಳೆದಿರುತ್ತದೆ, ಸೊಸೈಟಿಯವರು ಬೇರೆಯವರ ಯಂತ್ರ ಕೊಂಡಿರುತ್ತಾರೆ.

ಇದು ನಮ್ಮಂಥ ಸಣ್ಣವರ ಕಷ್ಟ ಮಾತ್ರವಲ್ಲ. 2014ರ ನವೆಂಬರಿನಲ್ಲಿ ಲಿನಕ್ಸ್ 3.18 ಸಿದ್ಧವಾಗುತ್ತಿದ್ದಾಗ, ಪ್ರೋಗ್ರಾಮುಗಳು ಕರ್ನಲ್ಲಿಗೆ ಸಲ್ಲಿಸುವ ಕೋರಿಕೆಗಳಾದ ಸಿಸ್ಟಮ್ ಕಾಲ್‌ಗಳಿಗೆ ಅಡ್ಡಾದಿಡ್ಡಿ ಮೌಲ್ಯಗಳನ್ನು ಕೊಟ್ಟು ಕರ್ನಲ್ಲನ್ನು ಪರೀಕ್ಷಿಸುವ ‘ಟ್ರಿನಿಟಿ’ ಎಂಬ ಸಾಧನವನ್ನು ಬರೆದ ಡೇವ್ ಜೋನ್ಸ್ ತಮ್ಮ ಯಂತ್ರ ಆಗಾಗ ಲಾಕಪ್ ಆಗುತ್ತಿದೆ ಎಂದು ವರದಿ ಮಾಡಿದರು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಸ್ವತಃ ಹುಡುಕಾಟಕ್ಕೆ ಇಳಿದರು. ಅರ್ಧಕ್ಕರ್ಧ ಭಾಗಿಸುವ ಪ್ರಯತ್ನ ನಡೆಯಿತು, ಒಂದೊಂದು ಹೆಜ್ಜೆಯೂ ದಿನಗಟ್ಟಲೆ ಹಿಡಿಯುತ್ತಿತ್ತು. ಮೊದಲು ಸರಿಯೆಂದುಕೊಂಡಿದ್ದ ಹಳೆಯ ಆವೃತ್ತಿಗಳ ಮೇಲೂ ಅನುಮಾನ ಬಂತು. ಒಂದು ಹಂತದಲ್ಲಿ ಯಂತ್ರದ ಎಚ್‌ಪೆಟ್ ಗಡಿಯಾರವೇ ತಪ್ಪು ಸಮಯ ಹೇಳುತ್ತಿರಬಹುದೆಂಬ ಶಂಕೆಯವರೆಗೂ ಮಾತು ಹೋಯಿತು. ಡಿಸೆಂಬರ್ 7ರಂದು 3.18 ಬಿಡುಗಡೆಯಾದಾಗ, ಆ ತೊಂದರೆಯ ಮೂಲ ಸಿಕ್ಕಿಲ್ಲ ಎಂದು ಲಿನಸ್ ಬಿಡುಗಡೆಯ ಪತ್ರದಲ್ಲೇ ಬರೆದರು. ಲೋಕದ ಅತ್ಯುತ್ತಮ ತಲೆಗಳು ಕೂತರೂ ಹ್ಯಾಂಗ್ ಬರುವ ತನಕ ಕಾಯಲೇಬೇಕಾದ ಸ್ಥಿತಿಯಲ್ಲಿ ತಲೆಗೆ ಹೆಚ್ಚು ಕೆಲಸವಿರುವುದಿಲ್ಲ.

ಹಾಗಾದರೆ ಕಾಯುವುದನ್ನು ಕಡಿಮೆ ಮಾಡಬೇಕು. ಕರ್ನಲ್ ಬರೆದವರೇ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ಮಿಲಿಸೆಕೆಂಡುಗಳನ್ನು 32 ಬಿಟ್ಟಿನ ಎಣಿಕೆಯಲ್ಲಿ ಇಟ್ಟರೆ ಅದು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ವಿಂಡೋಸ್ 95 ಅಷ್ಟು ದಿನ ಎಡೆಬಿಡದೆ ಓಡಿದರೆ ನಿಂತುಬಿಡುತ್ತಿದ್ದದ್ದು ಇದರಿಂದಲೇ. ಲಿನಕ್ಸಿನಲ್ಲಿಯೂ ‘ಜಿಫಿ’ ಎಂಬ ಇಂಥದೇ ಎಣಿಕೆ ಇದೆ. ಆದರೆ ಅಲ್ಲಿ ಅದನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ, ಯಂತ್ರ ಎದ್ದ ಐದು ನಿಮಿಷಕ್ಕೆ 32 ಬಿಟ್ಟು ತುಂಬುವಂತಹ ಸಂಖ್ಯೆಯಿಂದ ಶುರು ಮಾಡುತ್ತಾರೆ. ಎಣಿಕೆ ಉರುಳುವಾಗ ಎಡವುವ ಡ್ರೈವರ್ ಯಾವುದಾದರೂ ಇದ್ದರೆ ಅದು ಗ್ರಾಹಕರ ಮನೆಯಲ್ಲಿ ಐವತ್ತನೆಯ ದಿನ ಎಡವುವ ಬದಲು ಬರೆದವನ ಮೇಜಿನ ಮೇಲೆ ಐದನೆಯ ನಿಮಿಷದಲ್ಲೇ ಎಡವಲಿ ಎಂಬ ಉದ್ದೇಶ. ಆ ಒಂದು ಸಾಲನ್ನು ಕಂಡಾಗಲೆಲ್ಲ ಅದನ್ನು ಬರೆದವರ ಮೇಲೆ ನನಗೆ ಗೌರವ ಹೆಚ್ಚಾಗುತ್ತದೆ.

ತಪ್ಪು ವೇಗದಲ್ಲಿ

ನಮ್ಮ ಮೇಜಿನ ಮೇಲಿದ್ದ ಜೋಡಿ ಯಂತ್ರದಲ್ಲಿ ಲಾಕ್‌ಡೆಪ್ ಇರುವ ಕರ್ನಲ್ ಹಾಕಿ ಆಗಲೇ ಓಡಿಸಿಯಾಗಿತ್ತು. 2006ರಲ್ಲಿ 2.6.18ರ ಜೊತೆಗೆ ಬಂದ, ಇಂಗೊ ಮೋಲ್ನಾರ್ ಮತ್ತು ಆರ್ಯನ್ ವಾನ್ ಡೆ ವೆನ್ ಅವರ ಈ ಕಾವಲುಗಾರ ಒಂದೊಂದು ಲಾಕನ್ನೂ ಯಾವ ಸಂದರ್ಭದಲ್ಲಿ ಹಿಡಿದರು ಎಂದು ನೆನಪಿಟ್ಟುಕೊಳ್ಳುತ್ತದೆ. ಯಂತ್ರ ನಿಲ್ಲದೆ ಇದ್ದರೂ, ಮುಂದೊಂದು ದಿನ ನಿಲ್ಲುವ ಸಾಧ್ಯತೆ ಕಂಡರೆ ಅಂದೇ ಕೂಗಿಕೊಳ್ಳುತ್ತದೆ. ಕಾಯುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಅದು ಒಂದು ಮಾತೂ ಆಡಿರಲಿಲ್ಲ. ಆದರೆ ಲಾಕ್‌ಡೆಪ್ಪಿಗೆ ಗೊತ್ತಾಗುವುದು ಒಮ್ಮೆಯಾದರೂ ನಡೆದ ದಾರಿಗಳು ಮಾತ್ರ. ಹಾಗಾದರೆ ಸೊಸೈಟಿಯಲ್ಲಿ ನಡೆಯುವ, ಬಿಜೈಯಲ್ಲಿ ಎಂದೂ ನಡೆಯದ ದಾರಿ ಡ್ರೈವರಿನಲ್ಲಿ ಯಾವುದು?

ಈ ಪ್ರಶ್ನೆ ಇಟ್ಟುಕೊಂಡು ಓದತೊಡಗಿದ ಮೇಲೆ ಉತ್ತರ ತಾನಾಗಿ ಹತ್ತಿರ ಬಂತು. ಸೀರಿಯಲ್ ತಂತಿಯಲ್ಲಿ ಒಂದು ಅಕ್ಷರ ಬರುವಾಗ ಆರಂಭದ ಬಿಟ್ಟು, ಎಂಟು ಬಿಟ್ಟುಗಳ ಮಾಹಿತಿ, ಕೊನೆಯ ಬಿಟ್ಟು ಎಂಬ ಕ್ರಮವಿರುತ್ತದೆ. ಕೊನೆಯ ಬಿಟ್ಟು ಇರಬೇಕಾದಲ್ಲಿ ಇಲ್ಲದಿದ್ದರೆ ಅದು ಫ್ರೇಮಿಂಗ್ ಎರರ್. ತಂತಿಯಲ್ಲಿ ವಿದ್ಯುತ್ತಿನ ಗದ್ದಲ ಸೇರಿದಾಗ ಇಂಥವು ಬರುತ್ತವೆ. ಸೊಸೈಟಿಯಲ್ಲಿ ಹಾಲು ತಣಿಸುವ ಟ್ಯಾಂಕಿನ ಕಂಪ್ರೆಸರಿಗೆ ಹೋಗುವ ವಿದ್ಯುತ್ ತಂತಿಯ ಮೈಗೆ ಅಂಟಿಕೊಂಡೇ ತೂಕದ ಯಂತ್ರದ ಸೀರಿಯಲ್ ಕೇಬಲು ಗೋಡೆಯುದ್ದಕ್ಕೂ ಹೋಗಿತ್ತು. ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ತಾಮ್ರದ ಪಿನ್ನಿನಿಂದ ಬೇರೇನನ್ನೂ ನಿರೀಕ್ಷಿಸಬಾರದು. ಬಿಜೈಯ ಮೇಜಿನ ಮೇಲಿದ್ದದ್ದು ಅರ್ಧ ಮೀಟರಿನ ಹೊಸ ಕೇಬಲು. ಅಲ್ಲಿ ಫ್ರೇಮಿಂಗ್ ಎರರಿನ ಎಣಿಕೆ ಸದಾ ಸೊನ್ನೆ.

ಗದ್ದಲವನ್ನು ಮೇಜಿನ ಮೇಲೆ ಹುಟ್ಟಿಸಲು ಕಂಪ್ರೆಸರ್ ಬೇಕಾಗಿಲ್ಲ. ಈ ಕಡೆಯ ಪೋರ್ಟು 9600 ವೇಗದಲ್ಲಿ ಕೇಳುತ್ತಿರುವಾಗ ಆ ಕಡೆಯಿಂದ 4800ರಲ್ಲಿ ಕಳಿಸಿದರೆ ಸಾಕು, ತಪ್ಪಾದ ಜಾಗದಲ್ಲಿ ಬಿಟ್ಟುಗಳನ್ನು ಓದಿ ಓದಿ ಫ್ರೇಮಿಂಗ್ ಎರರುಗಳು ರಾಶಿ ಬೀಳುತ್ತವೆ. ಮಧ್ಯಾಹ್ನದ ಊಟ ಮುಗಿಸಿ ಬಂದು, ಲಾಕ್‌ಡೆಪ್ ಇರುವ ಕರ್ನಲ್ಲಿನಲ್ಲಿ ಹಾಗೆ ಮಾಡಿದೆವು. ನಾನು ಎಂಟರ್ ಒತ್ತಿ ಕೈ ತೆಗೆಯುವುದರೊಳಗೆ ಪರದೆಯ ತುಂಬ ಅಕ್ಷರಗಳು ಸುರಿದವು. ಎರಡು ಗೆರೆಗಳ ನಡುವೆ ‘ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್’ ಎಂಬ ತಲೆಬರಹ, ಅದರ ಕೆಳಗೆ ಲಾಕಿನ ಹೆಸರು, ಅದನ್ನು ಇಂಟರಪ್ಟಿನೊಳಗೆ ಹಿಡಿದ ಜಾಗ, ಇಂಟರಪ್ಟುಗಳು ತೆರೆದಿರುವಾಗ ಹಿಡಿದ ಜಾಗ. ಎರಡನೆಯದರಲ್ಲಿ ಎರರುಗಳನ್ನು ಎಣಿಸಿ ಕಾರ್ಡಿನ ಬಫರನ್ನು ತೊಳೆಯುವ ಪುಟ್ಟ ಫಂಕ್ಷನ್ನಿನ ಹೆಸರಿತ್ತು. ಯಂತ್ರವೇನೂ ನಿಂತಿರಲಿಲ್ಲ, ಪಕ್ಕದ ಪೋರ್ಟಿನಲ್ಲಿ ಪ್ರಿಂಟರು ಚೀಟಿ ಹೊರಹಾಕುತ್ತಲೇ ಇತ್ತು.

ಆ ಫಂಕ್ಷನ್ ಓಡುವುದು ಇಂಟರಪ್ಟಿನೊಳಗಲ್ಲ, ಆಮೇಲೆ ಬಿಡುವಾದಾಗ ಮಾಡುವ ಕೆಲಸಗಳ ಸಾಲಿನಲ್ಲಿ. ಅದು ಲಾಕನ್ನು ಹಿಡಿಯುವಾಗ ಇಂಟರಪ್ಟುಗಳನ್ನು ತಡೆದಿರಲಿಲ್ಲ. ಅದು ಲಾಕು ಹಿಡಿದಿರುವ ಆ ಕೆಲವು ಮೈಕ್ರೊಸೆಕೆಂಡುಗಳ ನಡುವೆ, ಅದೇ ಸಿಪಿಯುವಿನ ಮೇಲೆ, ಅದೇ ಕಾರ್ಡಿನ ಇಂಟರಪ್ಟ್ ಬಂದರೆ, ನಿರ್ವಾಹಕ ಅದೇ ಲಾಕಿಗಾಗಿ ಕಾಯುತ್ತದೆ. ಲಾಕು ಬಿಡಬೇಕಾದವನೋ ಆ ನಿರ್ವಾಹಕನ ಅಡಿಯಲ್ಲಿ ಅಮುಕಿಕೊಂಡು ಬಿದ್ದಿರುತ್ತಾನೆ. ಕೋಣೆಯ ಒಳಗಿನಿಂದ ಚಿಲಕ ಹಾಕಿಕೊಂಡವನೇ ಹೊರಗೆ ನಿಂತು ಬಾಗಿಲು ತಟ್ಟುವ ಸ್ಥಿತಿ ಅದು. ಇಂಟರಪ್ಟ್ ಬೇರೆ ಕೋರಿಗೆ, ಅಂದರೆ ಬೇರೆ ಸಿಪಿಯುವಿಗೆ, ಬಂದರೆ ತೊಂದರೆಯಿಲ್ಲ, ಕ್ಷಣಕಾಲ ಕಾದು ಮುಂದೆ ಹೋಗುತ್ತದೆ. ನಾಲ್ಕು ಕೋರುಗಳಲ್ಲಿ ಇಬ್ಬರೂ ಒಂದೇ ಕೋರಿನಲ್ಲಿ ಸಿಗಬೇಕು, ಗದ್ದಲ ಆಗಲೇ ಬರಬೇಕು, ಮುಂದಿನ ಅಕ್ಷರ ಸರಿಯಾಗಿ ಆ ಸಂದಿನಲ್ಲೇ ಬರಬೇಕು. ಅದಕ್ಕೇ ವಾರಗಟ್ಟಲೆ ಏನೂ ಆಗುತ್ತಿರಲಿಲ್ಲ. ಕಾರ್ಡಿನ ಇಂಟರಪ್ಟನ್ನೂ ಆ ಕೆಲಸವನ್ನೂ ಒಂದೇ ಕೋರಿಗೆ ಕಟ್ಟಿಹಾಕಿ, ಸಾಮಾನ್ಯ ಕರ್ನಲ್ಲಿನಲ್ಲಿ ತಪ್ಪು ವೇಗದ ಅಕ್ಷರಗಳನ್ನು ಹರಿಯಬಿಟ್ಟಾಗ ನಮ್ಮ ಮೇಜಿನ ಯಂತ್ರ ಕೂಡ ಚಹಾ ಆರುವುದರೊಳಗೆ ನಿಂತಿತು. ಎಬ್ಬಿಸಿದರೆ ಮತ್ತೆ ನಿಂತಿತು. ಆ ಸಂಜೆ ಕಚೇರಿಯಲ್ಲಿ ಇದ್ದಷ್ಟು ಸಂಭ್ರಮವನ್ನು ಯಂತ್ರವೊಂದು ಹ್ಯಾಂಗ್ ಆದದ್ದಕ್ಕೆ ನಾನು ಬೇರೆಲ್ಲೂ ಕಂಡಿಲ್ಲ.

ತಿದ್ದುಪಡಿ ಎರಡು ಸಾಲಿನದು. ಲಾಕು ಹಿಡಿಯುವಾಗ ಇಂಟರಪ್ಟು ತಡೆಯುವ ರೂಪವನ್ನು ಬಳಸುವುದು, ಬಿಡುವಾಗ ಹಿಂದಿದ್ದಂತೆ ಮರಳಿಸುವುದು.

ಕೇಬಲಿನ ಜಗಳ

ತಿದ್ದುಪಡಿ ಸಿದ್ಧವಾಗುವಾಗ ಮಳೆ ಹಿಂದೆ ಸರಿಯುತ್ತಿತ್ತು. ಅಕ್ಟೋಬರ್ ಕೊನೆಗೆ ಬಿಸಿಲು ಬಿದ್ದು ಪಿನ್ನುಗಳು ಒಣಗಿದರೆ ಗದ್ದಲ ತಾನಾಗಿ ಕಡಿಮೆಯಾಗುತ್ತದೆ, ತಿದ್ದಿದರೂ ತಿದ್ದದಿದ್ದರೂ ಯಂತ್ರ ನಿಲ್ಲುವುದು ಅಪರೂಪವಾಗುತ್ತದೆ. ಆ ಕಾಲದಲ್ಲಿ ತಿದ್ದುಪಡಿ ಹಾಕಿ, ದೀಪಾವಳಿಯವರೆಗೆ ನಿಲ್ಲಲಿಲ್ಲ ನೋಡಿ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ದಿನಗಳನ್ನು ಎಣಿಸುವುದನ್ನು ಬಿಟ್ಟು ಎರರುಗಳನ್ನು ಎಣಿಸುವುದೆಂದು ತೀರ್ಮಾನಿಸಿದೆವು. ತಿದ್ದಿದ ಡ್ರೈವರನ್ನು ಮೇಜಿನ ಯಂತ್ರಕ್ಕೆ ಹಾಕಿ, ಒಂದೇ ಕೋರಿಗೆ ಕಟ್ಟಿ, ಎಲ್ಲ ಪೋರ್ಟುಗಳಿಗೂ ತಪ್ಪು ವೇಗದ ಅಕ್ಷರಗಳನ್ನು ಕೊಟ್ಟು ರಾತ್ರಿ ಬಿಟ್ಟುಹೋದೆವು. ಬೆಳಿಗ್ಗೆ ಬರುವಾಗ ಫ್ರೇಮಿಂಗ್ ಎರರುಗಳ ಎಣಿಕೆ ಕೋಟಿ ದಾಟಿತ್ತು, ಯಂತ್ರ ಓಡುತ್ತಿತ್ತು. ಸೊಸೈಟಿಯ ಯಂತ್ರ ಮಳೆಗಾಲವಿಡೀ ಕಂಡ ಎರರುಗಳು ಇದರ ಮುಂದೆ ಏನೇನೂ ಅಲ್ಲ.

ಸೊಸೈಟಿಯಲ್ಲಿ ಒಂದು ಭಿನ್ನಾಭಿಪ್ರಾಯ ಉಳಿದಿತ್ತು. ಅವರ ಎಲೆಕ್ಟ್ರಿಷಿಯನ್ ಕೇಬಲನ್ನು ವಿದ್ಯುತ್ ತಂತಿಯಿಂದ ಬೇರ್ಪಡಿಸಿ ಎದುರು ಗೋಡೆಯ ಮೇಲೆ ಎಳೆಯುತ್ತೇನೆ, ಕನೆಕ್ಟರನ್ನೂ ಬದಲಾಯಿಸುತ್ತೇನೆ, ಅರ್ಧ ದಿನದ ಕೆಲಸ ಎಂದರು. ಜೂನಿನಲ್ಲೇ ಅವರು ಹಾಗೆ ಮಾಡಿದ್ದರೆ ದೂರು ಬಹುಮಟ್ಟಿಗೆ ನಿಂತೇಹೋಗುತ್ತಿತ್ತು, ಮತ್ತು ತಪ್ಪು ಡ್ರೈವರಿನಲ್ಲಿ ಹಾಗೆಯೇ ಉಳಿದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ತಲೆ ಎತ್ತುತ್ತಿತ್ತು. ಆಗ ಅದನ್ನು ಹಿಡಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ತಿದ್ದಿದ ಡ್ರೈವರ್ ಅಲ್ಲಿಯ ನಿಜವಾದ ಗದ್ದಲದಲ್ಲಿ ಕೆಲವು ವಾರ ಓಡುವ ತನಕ ಕೇಬಲು ಮುಟ್ಟಬೇಡಿ ಎಂದು ನಾನು ಹೇಳಿದೆ. “ನಿಮಗೆ ಕಾಯಿಲೆ ಬೇಕು, ನಮಗೆ ಹಾಲು ಅಳೆದರೆ ಸಾಕು” ಎಂದು ಸೆಕ್ರೆಟರಿಯವರು ಹೇಳಿದರು, ಅದರಲ್ಲಿ ಸುಳ್ಳೇನೂ ಇಲ್ಲ. ಮಳೆ ಪೂರ್ತಿ ಬಿಡುವವರೆಗೆ ಎಂದು ಒಪ್ಪಂದವಾಯಿತು. ಕಂಪ್ರೆಸರ್ ಶುರುವಾದಾಗಲೆಲ್ಲ ಎಣಿಕೆ ಏರುವುದನ್ನು ನಾನು ಬಿಜೈಯಿಂದಲೇ ನೋಡುತ್ತಿದ್ದೆ, ಯಂತ್ರ ಅದನ್ನು ದಾಟಿಕೊಂಡು ಹೋಗುತ್ತಿತ್ತು. ಆಮೇಲೆ ಕೇಬಲು ಎದುರು ಗೋಡೆಗೆ ಹೋಯಿತು, ಕಪಾಟಿನ ಮೇಲಿದ್ದ ಲ್ಯಾಪ್‌ಟಾಪು ವಾಪಸು ಬಂತು. ತಿದ್ದುಪಡಿಯನ್ನು ಕಾರ್ಡು ಪೂರೈಸಿದವರಿಗೆ, ತಪ್ಪು ವೇಗದ ಪ್ರಯೋಗದ ವಿವರ ಸಹಿತ ಕಳಿಸಿದ್ದೇವೆ. ಅವರಿಂದ ಉತ್ತರ ಬಂದಿಲ್ಲ, ಅವರು ಕೊಡುತ್ತಿರುವ ಡ್ರೈವರ್ ಇನ್ನೂ ಹಳೆಯದೇ. ಅದೇ ಕಾರ್ಡಿರುವ ನಮ್ಮ ಉಳಿದ ಸೊಸೈಟಿಗಳ ಯಂತ್ರಗಳಿಗೆ ತಿದ್ದಿದ್ದನ್ನು ನಾವೇ ಒಂದೊಂದಾಗಿ ಹಾಕುತ್ತಿದ್ದೇವೆ.